ಚಿನ್ನಿಗೆ ನೆಗಡಿ ಇತ್ತು, ಡಾಕ್ಟರೇ

ಚಿನ್ನಿಗೆ ನೆಗಡಿ ಇತ್ತು, ಡಾಕ್ಟರೇ. ಅದು ನನಗೆ ಗೊತ್ತಿತ್ತು. ನೀವು ಕೇಳಿದಿರಿ, ನಾನು ಇಲ್ಲವೆಂದೆ. ಮತ್ತೊಮ್ಮೆ ಕೇಳಿದಿರಿ — ಅಷ್ಟರಲ್ಲಿ ಆ ಬೆಕ್ಕು ಉಸಿರಿಲ್ಲದೆ ನಿಮ್ಮ ಕೈಯಲ್ಲಿ ತಲೆಕೆಳಗಾಗಿ ಜೋತಾಡುತ್ತಿತ್ತು — ಆಗಲೂ ಇಲ್ಲವೆಂದೆ.

ಹೇಳಬೇಕಾದದ್ದು ಇಷ್ಟೇ. ಮುಂದಿನದನ್ನು ಬರೆಯುತ್ತಿರುವುದು ನಾನು ತಪ್ಪಿನಿಂದ ಬಿಡಿಸಿಕೊಳ್ಳಲು ಅಲ್ಲ. ನೀವು ಇಷ್ಟು ವರ್ಷ ನಿಮ್ಮ ಕೈಯನ್ನೇ ಅನುಮಾನಿಸುತ್ತ ಬಂದಿದ್ದೀರಿ. ಆ ಅನುಮಾನ ಹೋಗಬೇಕಾದರೆ ನಡೆದದ್ದು ನಡೆದ ಹಾಗೆ ನಿಮ್ಮ ಮುಂದೆ ಬರಬೇಕು. ಅದನ್ನು ಹೇಳಬಲ್ಲವನು ನಾನೊಬ್ಬನೇ, ಚೆನ್ನಾಗಿಯೇ ಹೇಳಬಲ್ಲೆ. ಆ ಬೆಳಗು ನನಗೆ ನೆನಪಿದೆ ಎನ್ನುವುದಕ್ಕಿಂತ ಅದು ನನ್ನನ್ನು ಬಿಟ್ಟಿಲ್ಲ ಎನ್ನಬೇಕು. ಈಗಲೂ ಯಾವುದಾದರೂ ಕೂಸು ಮಲಗಿದ್ದು ಕಂಡರೆ ಅದರ ಎದೆ ಏಳುತ್ತಿದೆಯೇ ಎಂದು ನೋಡುತ್ತ ನಿಂತುಬಿಡುತ್ತೇನೆ.

ನಿಮಗೊಂದು ಕಾಗದ ಹಾಕಿ ಮುಗಿಸಬಹುದಿತ್ತು. ಆದರೆ ನಿಮ್ಮ ಹೆಸರು ಕೆಟ್ಟದ್ದು ಬೀದಿಯಲ್ಲಿ, ಎಲ್ಲರ ಬಾಯಲ್ಲಿ. ಅದನ್ನು ಗುಟ್ಟಾಗಿ ತೊಳೆಯುವುದು — ಅದೂ ಒಂದು ಬಗೆಯ ಸುಳ್ಳೇ. ಈ ಪತ್ರಿಕೆ ನಮ್ಮ ಊರು ಆದೋನಿಗೂ ಬರುತ್ತದೆ. ನಮ್ಮ ಓಣಿಯವರು ಓದುತ್ತಾರೆ. ಓದಲಿ.

ಆಗ ನಾನು ಬಿ.ಎ. ಮುಗಿಸಿ, ಕೆಲಸ ಸಿಗದೆ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಮೇಸ್ತ್ರಿ. ಮನೆ ಆ ಜಿನ್ನಿನ ಗೋಡೆಗೇ ಆತುಕೊಂಡಿತ್ತು. ನಮ್ಮ ಓಣಿಯಲ್ಲಿ ಒಂದು ಕಾಯಿಲೆಯನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಹೊಸ ಹತ್ತಿ ಬಂದು ಯಂತ್ರ ತಿರುಗತೊಡಗಿದರೆ ಗಾಳಿಯಲ್ಲೆಲ್ಲ ಅರಳೆಯ ನವಿರು ಧೂಳು ತೇಲುತ್ತದೆ — ಒಣಹಾಕಿದ ಸೀರೆಯ ಮೇಲೆ, ಮುಚ್ಚಲು ಮರೆತ ಹಾಲಿನ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ. ಯುಗಾದಿ ಹತ್ತಿರವಾಗುವವರೆಗೆ ಓಣಿಗೆ ಓಣಿಯೇ ಸೀನುತ್ತ, ಮೂಗು ಒರೆಸಿಕೊಳ್ಳುತ್ತ ಇರುತ್ತದೆ. ಅದಕ್ಕೆ ‘ಹತ್ತಿ ನೆಗಡಿ’ ಎನ್ನುತ್ತೇವೆ. ಅದಕ್ಕಾಗಿ ಯಾರೂ ಕಷಾಯ ಕುದಿಸುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ. ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಬೇರೆ ಕಡೆಯ ಜನ ಸ್ವಲ್ಪ ಕೂತು, ನೀರು ಕುಡಿದು ಹೊರಡುತ್ತಾರೆ. ನಮ್ಮ ಓಣಿಯಲ್ಲಿ ಹಾಗೆ ಮಾಡಿದರೆ ಯಾರೂ ಹೊಸ್ತಿಲು ದಾಟುವ ಹಾಗೇ ಇಲ್ಲ.

ಚಿನ್ನಿ ಅತ್ತಿಗೆಯ ಬೆಕ್ಕು. ಜಿನ್ನಿನ ಗೋದಾಮಿನಲ್ಲಿ ಹುಟ್ಟಿದ ಮರಿ. ಮಕ್ಕಳಿಲ್ಲದ ಅತ್ತಿಗೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಸಾಕಿದ್ದಳು. ಆ ವರ್ಷ ಅದರ ಬಾಯಿ ಕೊಳೆತ ಹಾಗೆ ನಾರತೊಡಗಿತು. ಹಸಿದು ಓಡಿ ಬರುವುದು, ತಟ್ಟೆ ಮೂಸುವುದು, ಒಂದು ತುತ್ತು ಕಚ್ಚಿ ಚೀರುವುದು, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತ ಹಿಂದೆ ಸರಿಯುವುದು. ಬೆನ್ನಿನ ಎಲುಬು ಕೈಗೆ ಸಿಗುವಷ್ಟು ಬಡವಾಯಿತು. ಅತ್ತಿಗೆ ನನ್ನ ಮುಖ ನೋಡಿದಳು. “ನೀನು ಓದಿದವ, ಈರಣ್ಣ. ಏನಾರ ಮಾಡು.”

ಆಕೆ ಅನ್ನ ಹಾಕುತ್ತಿದ್ದ ಮನೆಯಲ್ಲಿ ನನಗಿದ್ದ ಬೆಲೆ ಅದೊಂದೇ — ಓದಿದವ.

ನಿಮ್ಮ ದನದ ದವಾಖಾನೆಗೆ ಮೊದಲು ನಾನೊಬ್ಬನೇ ಬಂದಿದ್ದೆ. ನೀವು ಕೃಷ್ಣಾ ನದಿಯ ಕಡೆಯವರು, ಮದ್ರಾಸಿನಲ್ಲಿ ಓದಿ ಹೊಸದಾಗಿ ಬಂದವರು, ನನಗಿಂತ ಬಹಳ ದೊಡ್ಡವರೇನಲ್ಲ. ದಿನವೂ ಎತ್ತು, ಎಮ್ಮೆ, ಕುರಿ. ಬೆಕ್ಕಿನ ಹಲ್ಲು ಎಂದ ಕೂಡಲೆ ನಿಮ್ಮ ಮುಖ ಅರಳಿತು. “ಚೂಡಂಡಿ, ನೋಡಿ, ಇದು ಕಾಲೇಜಿನಲ್ಲಿ ಮಾಡಿದೀನಿ. ಹಲ್ಲಿನ ಮೇಲೆ ಕಲ್ಲು ಕಟ್ಟಿರುತ್ತೆ. ಈಥರ್ ಕೊಟ್ಟು ಮಲಗಿಸಿ ಕೆರೆದು ತೆಗೀಬೇಕು. ಎಚ್ಚರ ಇದ್ದಾಗ ಮಾಡಿದ್ರೆ ನನ್ನ ಬೆರಳು ಉಳಿಯಲ್ಲ” ಎಂದು ನಕ್ಕಿರಿ. ಆಮೇಲೆ ನಗು ಬಿಟ್ಟು ಹೇಳಿದಿರಿ — “ಒಂದೇ ಮಾತು. ಸೀನು, ಕೆಮ್ಮು, ಮೂಗು ಸೋರೋದು ಏನಿದ್ರೂ ತರಬೇಡಿ. ಈಥರಿನ ಮತ್ತು ಏರಿದ ಮೇಲೆ ಅದು ಕೆಮ್ಮಲಾರದು. ಒಳಗಿನ ಕಫ ಒಳಗೇ ತುಂಬುತ್ತೆ. ವಾಸಿ ಮಾಡಿಕೊಂಡು ಬನ್ನಿ, ಹಲ್ಲು ಓಡಿಹೋಗಲ್ಲ.”

ಎಷ್ಟು ಸರಳವಾಗಿ ಹೇಳಿದ್ದಿರಿ. ನನಗೆ ತಿಳಿಯಲಿಲ್ಲ ಎನ್ನುವ ಹಾಗಿಲ್ಲ.

ನಾನು ಮನೆಗೆ ಬಂದು ಸುಮ್ಮನಿರಲಿಲ್ಲ. ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಪಾಠ ಹೇಳಿದೆ — ಈಥರ್ ಎಂದರೇನು, ಮದ್ರಾಸಿನಲ್ಲಿ ಏನು ಮಾಡುತ್ತಾರೆ, ನಾವೆಷ್ಟು ಹಿಂದೆ ಇದ್ದೇವೆ. ಎದುರು ಮನೆಯ ತಾಯಪ್ಪನಿಗೆ ಅದು ಹಬ್ಬವಾಯಿತು. “ಮಂದಿಗೆ ಬೇವಿನ ಕಡ್ಡಿ, ಬೆಕ್ಕಿಗೆ ಡಾಕ್ಟ್ರು! ಹಂಗಾರ ನಮ್ಮ ಎಮ್ಮಿಗೂ ಒಂದೀಟು ಹಲ್ಲು ತಿಕ್ಕಸಪ್ಪ ಈರಣ್ಣ, ನಕ್ಕರ ಚಂದ ಕಾಣಲಿ.” ದಿನ ಬೆಳಗಾದರೆ ಕೇಳುತ್ತಿದ್ದ — “ಏಮಪ್ಪಾ, ನಿಮ್ಮ ಬೆಕ್ಕಿನ ಲಗ್ನ ಯಾವಾಗ?” ನೀವು ಗೊತ್ತು ಮಾಡಿಕೊಟ್ಟ ದಿನವನ್ನು ಹೇಳಿದೆ. ಎಲ್ಲರಿಗೂ ಹೇಳಿದೆ.

ಆ ದಿನ ಹತ್ತಿರವಾದಾಗ ಚಿನ್ನಿ ಸೀನತೊಡಗಿತು.

ಅತ್ತಿಗೆಯೇ ಮೊದಲು ಕಂಡವಳು. “ಇದರ ಮೂಗು ಸೋರಾಕತ್ತೈತಿ ನೋಡು. ಡಾಕ್ಟ್ರಿಗೆ ಹೇಳಬೇಕೇನು?” ನಾನು ಹಿಂದೆಮುಂದೆ ನೋಡದೆ ಅಂದೆ — “ಹತ್ತಿ ನೆಗಡಿ ಅತ್ತಿಗೆಮ್ಮ. ಓಣಿಗೆಲ್ಲ ಐತಿ, ಬೆಕ್ಕಿಗೆ ಬ್ಯಾಡೇನು? ಇದನ್ನ ಹೇಳಿದ್ರ ಡಾಕ್ಟ್ರು ನಗ್ತಾರ.” ಆಕೆ ನಂಬಿದಳು. ಆ ಹೊತ್ತಿನಲ್ಲಿ ನಾನೂ ನಂಬಿದ್ದೆ. ಅಲ್ಲಿಗೇ ನಿಂತಿದ್ದರೆ ಇದು ತಿಳಿಯದೆ ಆದ ತಪ್ಪು ಎನ್ನಬಹುದಿತ್ತು.

ಆದರೆ ಜಿನ್ನಿನ ಎಂಜಿನ್ ಕೆಟ್ಟಿತು. ಗುಂತಕಲ್ಲಿನಿಂದ ಸಾಮಾನು ಬರುವ ತನಕ ಯಂತ್ರ ನಿಂತೇ ಇತ್ತು. ಗಾಳಿ ತಿಳಿಯಾಯಿತು. ಓಣಿಯವರ ಮೂಗು ಒಣಗಿತು, ಅತ್ತಿಗೆಯ ಕೆಮ್ಮು ನಿಂತಿತು, ತಾಯಪ್ಪನ ಸೀನು ಕೇಳದೆ ಬೆಳಗಿನ ಹೊತ್ತು ಸಪ್ಪೆ ಎನಿಸಿತು. ಚಿನ್ನಿ ಮಾತ್ರ ಸೀನುತ್ತಲೇ ಇತ್ತು. ತಿಳಿನೀರಿನಂತೆ ಇದ್ದ ಸಿಂಬಳ ಹಳದಿಯಾಗಿ ಗಟ್ಟಿಯಾಯಿತು. ಮಲಗಿದಾಗ ಅದರ ಮೂಗಿನಿಂದ ಸಣ್ಣ ಸಿಳ್ಳಿನಂಥ ಸದ್ದು. ಆ ಸದ್ದನ್ನು ನಾನು ಕೇಳಿದೆ, ಅದು ಹತ್ತಿಯದಲ್ಲ ಎಂದು ಅರ್ಥ ಮಾಡಿಕೊಂಡೆ — ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬುಟ್ಟಿ ಹೊರಡುತ್ತಿರಲಿಲ್ಲ. ಬುಟ್ಟಿ ಹೊರಡದಿದ್ದರೆ ತಾಯಪ್ಪ ನಗುತ್ತಿದ್ದ. ನನ್ನ ತಕ್ಕಡಿಯಲ್ಲಿ ಒಂದು ಕಡೆ ಒಂದು ಜೀವ, ಇನ್ನೊಂದು ಕಡೆ ತಾಯಪ್ಪನ ನಗು. ನಗುವಿನ ಕಡೆಯೇ ತೂಗಿತು.

ಆ ಬೆಳಿಗ್ಗೆ ಅತ್ತಿಗೆ ಚಿನ್ನಿಯನ್ನು ಬುಟ್ಟಿಯಲ್ಲಿಟ್ಟು, ಹಳೆಯ ಸೀರೆ ಮುಚ್ಚಿ ನನ್ನ ಕೈಗೆ ಕೊಟ್ಟು ಜೊತೆಗೆ ಹೊರಟಳು. ಓಣಿಯ ಬಾಯಲ್ಲಿ ತಾಯಪ್ಪ ಗಾಡಿ ಹೂಡುತ್ತಿದ್ದ. “ನಿಲ್ಲಪ್ಪಾ ನಿಲ್ಲು! ಆಲೂರಿಗೆ ಹೊಂಟೀನಿ. ಬುಟ್ಟಿಯೊಳಗಿನ ಬೆಕ್ಕು ಅಡ್ಡ ಬಂದ್ರ ಲೆಕ್ಕಕ್ಕೈತೋ ಇಲ್ಲೋ?”

“ನಿನ್ನ ಮಾರಿ ಅಡ್ಡ ಬಂದೈತಲ್ಲ, ಬೆಕ್ಕಿಗೇ ಅಪಶಕುನ. ಗಾಡಿ ಸರಸು,” ಎಂದಳು ಅತ್ತಿಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ದವಾಖಾನೆಯ ಗೇಟಿನ ಹತ್ತಿರ ಅತ್ತಿಗೆ ಕಾಲು ತೊಳೆಯಲು ನಲ್ಲಿಯ ಕಡೆ ಹೋದಳು. ನಾನು ಬುಟ್ಟಿಯ ಮುಸುಕು ಸರಿಸಿ, ಪಂಚೆಯ ಅಂಚು ದನದ ತೊಟ್ಟಿಯ ನೀರಿಗೆ ಅದ್ದಿ, ಚಿನ್ನಿಯ ಮೂಗಿನ ಸುತ್ತ ಒಣಗಿ ಅಂಟಿದ್ದ ಹಳದಿಯನ್ನು ಮೆತ್ತಗೆ ಒರೆಸಿದೆ. ಎರಡೂ ಹೊಳ್ಳೆ ಚೊಕ್ಕಟವಾಗುವವರೆಗೂ ಒರೆಸಿದೆ. ಅದು ನನ್ನ ಮುಖವನ್ನೇ ನೋಡುತ್ತಿತ್ತು. ಏನೋ ಉಪಕಾರ ಮಾಡುತ್ತಿದ್ದಾನೆ ಎಂದು…

ಡಾಕ್ಟರೇ, ನಾನು ನಿಮಗೆ ಹೇಳಿದ ಸುಳ್ಳು ಇಲ್ಲಿಂದಲೇ ಸುರುವಾಯಿತು. ಮಾತು ಆಮೇಲೆ ಬಂತು.

ನೀವು ಎದೆಗೆ ನಳಿಕೆ ಹಚ್ಚಿ ಕೇಳಿದಿರಿ. ಚಿನ್ನಿ ಅತ್ತಿಗೆಯ ತೊಡೆಯ ಮೇಲೆ ಕೂತು ಗುರುಗುರು ಎನ್ನುತ್ತಿತ್ತು. ಮತ್ತೆ ಹಚ್ಚಿದಿರಿ, ಮತ್ತೆ ಅದೇ ಗುರುಗುರು. ಕಾಂಪೌಂಡರ್ ಖಾಜಾಸಾಬರು ಅದರ ಮುಖದ ಮುಂದೆ ಚಿಟಿಕೆ ಹೊಡೆದರು. “ಚುಪ್ ರೇ ಬೇಗಂ, ಸಾಹೇಬ್ರು ಕೇಳಾಕತ್ತಾರ. ಹಾಡು ಆಮೇಲೆ ಹಾಡೀಯಂತೆ.” ಆದರೂ ಅದು ನಿಲ್ಲಿಸಲಿಲ್ಲ. ನಳಿಕೆ ಕಿವಿಯಿಂದ ತೆಗೆದು ನೀವು ನನ್ನ ಕಡೆ ತಿರುಗಿದಿರಿ.

“ಈ ಸದ್ದಿನಲ್ಲಿ ಒಳಗಿಂದು ಏನೂ ಕೇಳಲ್ಲ. ನೀವು ಓದಿದವರು, ನಿಮ್ಮ ಮಾತಿನ ಮೇಲೆ ಹೋಗ್ತೀನಿ. ಸೀನು, ನೆಗಡಿ ಏನಾದ್ರೂ ಇದೆಯಾ?”

“ಇಲ್ಲ ಸಾರ್.”

ಅತ್ತಿಗೆ ತಲೆ ಎತ್ತಿ ನನ್ನನ್ನು ನೋಡಿದಳು. ಹತ್ತಿ ನೆಗಡಿಯನ್ನು ನೆಗಡಿ ಎನ್ನುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿರಬೇಕು. ಮತ್ತೆ ಚಿನ್ನಿಯ ಬೆನ್ನು ಸವರತೊಡಗಿದಳು.

ಆಮೇಲಿನದು ನೀವೂ ಮರೆತಿರುವುದಿಲ್ಲ. ಖಾಜಾಸಾಬರು ಚಿನ್ನಿಯನ್ನು ಗೋಣಿಯಲ್ಲಿ ಸುತ್ತಿ ತಲೆ ಮಾತ್ರ ಹೊರಗೆ ಬಿಟ್ಟರು. ಅದರ ಮೂಗಿಗೆ ಹಿಡಿದ ಬಟ್ಟೆಯ ತೊಟ್ಟೆಯೊಳಗೆ ಅರಳೆ, ಅದರ ಮೇಲೆ ನೀವು ಹನಿಹನಿಯಾಗಿ ಬಿಟ್ಟ ಈಥರ್. ಆ ಸಿಹಿಯಾದ, ತಲೆ ತಿರುಗಿಸುವ ವಾಸನೆ. ಹೊರಗೆ ಲಾಳ ಕಟ್ಟಿಸಲು ತಂದಿದ್ದ ಎತ್ತೊಂದು ಕೊರಳ ಗಂಟೆ ಅಲ್ಲಾಡಿಸುತ್ತಿತ್ತು. ಒದೆದಾಟ ನಿಂತು ಕಾಲು ಸಡಿಲವಾದವು. ನೀವು ತುಟಿ ಸರಿಸಿ ಕೆರೆಯತೊಡಗಿದಿರಿ. ಹಳದಿ ಕಲ್ಲಿನ ಚೂರು ಪಿಂಗಾಣಿ ತಟ್ಟೆಯಲ್ಲಿ ಟಿಣ್ ಎಂದು ಬಿತ್ತು. ಎಡಗಡೆಯ ಕೋರೆಹಲ್ಲು ಬೆಳ್ಳಗೆ, ಎಳೆಯ ಅಕ್ಕಿಕಾಳಿನಂತೆ ಹೊರಬಂತು. ಅತ್ತಿಗೆ “ಅಯ್ಯ ನನ ಬಂಗಾರ” ಎಂದಳು. ನನ್ನ ಎದೆ ಉಬ್ಬಿತು — ಹೇಳಲು ನಾಚಿಕೆಯಾಗುತ್ತದೆ — ತಾಯಪ್ಪ ಇಲ್ಲಿ ಇರಬೇಕಿತ್ತು ಎಂದುಕೊಂಡೆ.

ಆಗ ಗಂಟಲಿನಿಂದ ನೀರು ಗುಳುಗುಳಿಸಿದಂಥ ಸದ್ದು ಬಂತು. ಆಮೇಲೆ ಸದ್ದೇ ಇಲ್ಲ.

ನೀವು ಒಸಡು ನೋಡಿದಿರಿ. ನಾನೂ ನೋಡಿದೆ. ಕೆಂಪಗಿದ್ದದ್ದು ನೇರಳೆಹಣ್ಣು ತಿಂದ ಬಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ತೊಟ್ಟೆ ಎಸೆದಿರಿ. ನಾಲಿಗೆ ಹೊರಗೆ ಎಳೆದಿರಿ. ಗೋಣಿ ಹರಿದು ಹಿಂಗಾಲು ಹಿಡಿದು ತಲೆಕೆಳಗು ಮಾಡಿದಿರಿ. ಮೂಗಿನಿಂದ ದಾರದಂತೆ ಗಟ್ಟಿ ಸಿಂಬಳ ಇಳಿಯಿತು. ಮುಗಿಯದೆ ಇಳಿಯಿತು. ನೀವು ಅದನ್ನು ನೋಡಿ, ತಲೆ ಎತ್ತಿ, ಬಹಳ ಮೆತ್ತಗೆ ಕೇಳಿದಿರಿ —

“ನಿಜ ಹೇಳಿ. ನೆಗಡಿ ಇರಲಿಲ್ಲ ತಾನೇ?”

ಈ ಪ್ರಶ್ನೆಯ ಮುಂದೆಯೇ ನಾನು ಇವತ್ತಿಗೂ ನಿಂತಿದ್ದೇನೆ. ಆಗ ಇತ್ತು ಎಂದಿದ್ದರೆ ಕಫ ಎಲ್ಲಿಂದ ಬರುತ್ತಿದೆ, ಎಷ್ಟಿದೆ ಎಂದು ನಿಮಗೆ ಗೊತ್ತಾಗುತ್ತಿತ್ತು. ಕತ್ತಲಲ್ಲಿ ತಡಕಾಡುವುದು ತಪ್ಪುತ್ತಿತ್ತು. ಜೀವ ಹೋಗುತ್ತಿರುವುದು ನನ್ನ ಕಣ್ಣ ಮುಂದೆ, ಅದನ್ನು ಸಾಕಿದವಳು ನನ್ನ ಪಕ್ಕದಲ್ಲಿ, ಉಳಿಸಬೇಕಾದವರು ನನ್ನನ್ನೇ ಕೇಳುತ್ತಿದ್ದಾರೆ. ಆದರೂ ನನ್ನ ನಾಲಿಗೆ —

“ಇಲ್ಲ ಸಾರ್.”

“ಹಾಗಾದ್ರೆ ನಾನೇ ಜಾಸ್ತಿ ಬಿಟ್ಟೆ,” ಎಂದಿರಿ. ನಮಗೆ ಹೇಳಿದ್ದಲ್ಲ, ನಿಮಗೇ ಹೇಳಿಕೊಂಡದ್ದು.

ಪಕ್ಕೆ ಒತ್ತಿದಿರಿ, ಬಿಟ್ಟಿರಿ, ಒತ್ತಿದಿರಿ. ಸಿಂಬಳ ಒರೆಸಿ ಅದರ ಮೂಗಿಗೆ ನಿಮ್ಮ ಬಾಯಿಟ್ಟು ಊದಿದಿರಿ. ನೀವು ಆಚಾರದ ಮನೆಯವರೆಂದು ಎಲ್ಲರಿಗೂ ಗೊತ್ತಿತ್ತು. ಖಾಜಾಸಾಬರು “ಯಾ ಅಲ್ಲಾ” ಎಂದು ಮುಖ ತಿರುಗಿಸಿದರು. ಅತ್ತಿಗೆ ನಿಮ್ಮ ಕೈಯನ್ನೇ ನೋಡುತ್ತಿದ್ದಳು. ನಾನು ಆ ಎದೆಯನ್ನು ನೋಡುತ್ತಿದ್ದೆ — ಏಳುತ್ತದೆಯೇ… ಎದ್ದಿತೇ… ಇಲ್ಲ, ಅದು ನೀವು ಒತ್ತಿದ್ದು.

ಕೊನೆಗೆ ಒಂದು ಕೆಮ್ಮು ಬಂತು. ಹರಿದ ಬಟ್ಟೆಯಂಥ ಉಸಿರು. ಚಿನ್ನಿ ಬದುಕಿತು.

ಅದರ ಎಡಗಡೆಯ ಹಲ್ಲು ಬಿಳಿ, ಬಲಗಡೆಯದು ಹಳದಿ — ಹಾಗೇ ಉಳಿಯಿತು. ಎದೆಯೊಳಗೆ ಕಫ ಇಳಿದು ಚಿನ್ನಿ ಮಲಗಿಬಿಟ್ಟಾಗ ನೀವು ಕೆಲಸ ಮುಗಿಸಿ ಸೈಕಲ್ಲಿನ ಮೇಲೆ ನಮ್ಮ ಮನೆಗೆ ಬಂದು ಪೆನಿಸಿಲಿನ್ ಚುಚ್ಚಿ ಹೋಗುತ್ತಿದ್ದಿರಿ. ಬಂದಾಗಲೆಲ್ಲ ಅತ್ತಿಗೆಯ ಮುಂದೆ ತಪ್ಪು ಮಾಡಿದ ಹುಡುಗನ ಹಾಗೆ ನಿಲ್ಲುತ್ತಿದ್ದಿರಿ. “ನನ್ನ ಕೈತಪ್ಪಮ್ಮ, ಕ್ಷಮಿಸಬೇಕು.” ನಾನು ಒಳಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತು ಅದನ್ನು ಕೇಳುತ್ತಿದ್ದೆ. ಓಣಿ ಸುಮ್ಮನಿರಲಿಲ್ಲ. “ದನದ ಡಾಕ್ಟ್ರು ಬೆಕ್ಕಿನ ಪ್ರಾಣ ತೆಗಿಯಾಕ ಹೋಗಿದ್ದನಂತ. ಇನ್ನೊಂದೀಟಾಗಿದ್ರ ಕಾಶಿಗೆ ಹೋಗಿ ಬಂಗಾರದ ಬೆಕ್ಕು ಕೊಡಬೇಕಾಗ್ತಿತ್ತು!” ಎಂಬ ಮಾತನ್ನು ತಾಯಪ್ಪ ಸಂತೆಯವರೆಗೂ ಒಯ್ದ. ನನ್ನನ್ನು ನೋಡಿ ಯಾರೂ ನಗಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಇಲ್ಲಿಗೇ ಮುಗಿದಿದ್ದರೂ ಬಹುಶಃ ನಾನು ಬಾಯಿ ಬಿಡುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಪೆದ್ದಹರಿವಾಣದ ಕುರುಬನೊಬ್ಬ ತನ್ನ ನಾಯಿಯನ್ನು ಕಂಬಳಿಯಲ್ಲಿ ಹೊತ್ತು ತಂದ. ಕುರಿಹಟ್ಟಿಗೆ ಬಿದ್ದ ತೋಳ ಅದರ ಹೊಟ್ಟೆ ಸೀಳಿತ್ತು. ಆ ಹೊತ್ತಿಗೆ ನಾನು ನಿಮ್ಮ ದವಾಖಾನೆಗೆ ಆಗಾಗ ಬಂದು ಕೂರುತ್ತಿದ್ದೆ. ನೀವು ಅದನ್ನು ಸ್ನೇಹ ಎಂದುಕೊಂಡಿದ್ದಿರಿ. ಖಾಜಾಸಾಬರು ಈಥರಿನ ಸೀಸೆ ತೆಗೆದರು. ನೀವು ಕೈ ಅಡ್ಡ ಮಾಡಿದಿರಿ. “ಬೇಡ. ಇದು ಮತ್ತು ಕೊಡೋ ಕೈ ಅಲ್ಲ.” ಬಾಯಿಗೆ ಹಗ್ಗ ಕಟ್ಟಿ, ನಾಲ್ಕು ಕಾಲೂ ಜನ ಹಿಡಿದು, ಎಚ್ಚರವಿದ್ದ ಹಾಗೇ ಹೊಲಿದಿರಿ. ಅದು ಕೊಸರಿದ್ದಕ್ಕೆ ಹೊಲಿಗೆ ಕಿತ್ತಿತು. ಮತ್ತೆ ಹೊಲಿದಿರಿ, ಮತ್ತೆ ಕಿತ್ತಿತು. ಕಟ್ಟಿದ ಬಾಯೊಳಗಿನ ಆ ಕೂಗು — ನಾನು ಅಂಗಳಕ್ಕೆ ಹೋಗಿ ನಿಂತೆ, ಅಲ್ಲಿಗೂ ಬಂತು. ಕೂಗು ನಿಂತಾಗ ಒಳಗೆ ಹೋದೆ. ನಾಯಿ ಸತ್ತಿತ್ತು.

ಕುರುಬ ಅದನ್ನು ಕಂಬಳಿಯಲ್ಲಿ ಮತ್ತೆ ಸುತ್ತಿದ. ಆಮೇಲೆ ಸಿಟ್ಟಿಲ್ಲದೆ ಕೇಳಿದ — “ಸಾಹೇಬ್ರ, ಬೆಕ್ಕಿಗೆ ಮತ್ತು ಕೊಟ್ರಂತಲ್ರಿ. ನನ್ನ ನಾಯಿಗೆ ಯಾಕ ಕೊಡಲಿಲ್ರಿ?”

ನೀವು ನೆಲ ನೋಡಿದಿರಿ. ಉತ್ತರ ಇದ್ದದ್ದು ಬಾಗಿಲ ಹತ್ತಿರ ನಿಂತಿದ್ದ ನನ್ನಲ್ಲಿ. ಆತ ಹೋಗುತ್ತ ನಿಮ್ಮನ್ನು ಬೈದ, ಹುಟ್ಟಿಸಿದವರನ್ನೂ ಸೇರಿಸಿ ಬೈದ. ಅದನ್ನೂ ನಿಂತು ಕೇಳಿದೆ.

ಮರುವರ್ಷ ನಿಮಗೆ ಕಡಪದ ಕಡೆಗೆ ವರ್ಗವಾಯಿತು. ಹೋಗುವಾಗ ನನ್ನ ಕೈ ಹಿಡಿದು, “ಈ ಊರಿನಲ್ಲಿ ನನ್ನನ್ನು ಬೈಯದ ಮನುಷ್ಯ ನೀವೊಬ್ಬರೇ” ಎಂದಿರಿ.

ಚಿನ್ನಿ ಮುದಿಯಾಗಿ ಈ ಬೇಸಿಗೆಯಲ್ಲಿ ಸತ್ತಿತು. ಅದನ್ನು ಹೂಳಿ ಬಂದ ಸಂಜೆ ಅತ್ತಿಗೆ ಪಕ್ಕದ ಮನೆಯವರಿಗೆ ಹಳೆಯ ಕಥೆ ಹೇಳುತ್ತಿದ್ದಳು — ಡಾಕ್ಟ್ರು ಹೆಚ್ಚು ಬಿಟ್ಟದ್ದು, ಚಿನ್ನಿ ಬದುಕಿದ್ದು. ಎಷ್ಟೋ ಸಲ ಆ ಕಥೆಗೆ ನಾನು ಹೂಂಗುಟ್ಟಿದ್ದೇನೆ. ಆ ಸಂಜೆ ಆಗಲಿಲ್ಲ. ಅವರು ಹೋದ ಮೇಲೆ ಹೇಳಿದೆ. ಎಂಜಿನ್ ನಿಂತದ್ದು, ಪಂಚೆಯ ಅಂಚು, ಎರಡು ಸಲ ಇಲ್ಲವೆಂದದ್ದು, ಎಲ್ಲ.

ಆಕೆ ಮೊರದಲ್ಲಿದ್ದ ಸಜ್ಜೆ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. ಕಲ್ಲೊಂದನ್ನು ಆರಿಸಿ ಎಸೆದು ಅಂದಳು — “ನನಗ ಹೇಳಿದ್ರ ನಾನೇ ಹೇಳ್ತಿದ್ದೆ. ಬೆಕ್ಕು ತಿರುಗಿ ಮನಿಗೆ ತರಾಕ ನನಗೇನು ನಾಚಿಕಿ? ನೀನು ಓದಿದವ ಅಂತ ನಾನು ಬಾಯಿ ಮುಚ್ಚಿಕೊಂಡು ಕುಂತೆ.” ಮೊರ ಒಮ್ಮೆ ಕೇರಿ — “ಡಾಕ್ಟ್ರ ಹತ್ರ ಆಮ್ಯಾಲೆ ಹೋಗು. ಮೊದಲು ನಾಯಿ ಕಳಕೊಂಡಾನಲ್ಲ, ಅವನ ಹತ್ರ ಹೋಗು.”

ಹೋದೆ. ಪೆದ್ದಹರಿವಾಣದಲ್ಲಿ ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ತೋಳಕ್ಕೆ ನಾಯಿ ಕೊಟ್ಟವನು ಎಂದರೆ ತೋರಿಸಿದರು. ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದ. ನಾನು ನಿಂತೇ ಹೇಳಿದೆ. ಕತ್ತರಿ ಒಮ್ಮೆ ನಿಂತಿತು, ಮತ್ತೆ ನಡೆಯಿತು. ಆ ಕುರಿ ಮುಗಿಸಿ ಎಬ್ಬಿಸಿ ಬಿಟ್ಟ ಮೇಲೆ ಕೇಳಿದ —

“ಅಂದ್ರ ಆ ಡಾಕ್ಟ್ರು ಹೆದರಿದ್ರು?”

“ಹೌದು. ನಾನು ಹೇಳಿದ ಸುಳ್ಳಿನಿಂದ.”

“ಅವ್ರ ತಾಯಿನ್ನ ಬೈದೀನಿ ನಾನು ಅವತ್ತು.” ಇನ್ನೊಂದು ಕುರಿಯ ಕಾಲು ಹಿಡಿದು ಎಳೆದುಕೊಂಡ. “ಆ ಮಾತು ತಿರುಗಿ ತಗೊಂಡೀನಿ ಅಂತ ಹೇಳು ಅವ್ರಿಗೆ. ನಿನಗ ಹೇಳಾಕ ನನ್ನ ಹತ್ರ ಏನೂ ಇಲ್ಲ.”

ಡಾಕ್ಟರೇ, ಇದು ಅಚ್ಚಾಗುವ ಹೊತ್ತಿಗೆ ನಾನು ನಿಮ್ಮ ಊರಿನ ರೈಲು ಹತ್ತಿರುತ್ತೇನೆ. ನಿಮ್ಮ ಮುಂದೆ ನಿಂತು ಮೊದಲು ಅವನ ಮಾತು ಹೇಳುತ್ತೇನೆ, ಆಮೇಲೆ ನನ್ನದು. ಈಗಲೂ ನೀವು ಈಥರಿನ ಸೀಸೆ ಮುಟ್ಟುವುದಿಲ್ಲವೆಂದು ಅಲ್ಲಿಂದ ಬಂದವರೊಬ್ಬರು ಹೇಳಿದರು. ಮುಟ್ಟಿ. ಆ ದಿನ ಹನಿ ಹೆಚ್ಚಾಗಿರಲಿಲ್ಲ.